ಬೆಂಗಳೂರು ಕೋಟೆಯ ಮರದ ಓಲಗಸಾಲೆ

ಕರ್ಣಾಟಕದ ವಾಸ್ತುವಿದ್ಯೆಯ ಚರಿತ್ರೆಯು ಬಹುಮಟ್ಟಿಗೆ ದೇವಾಲಯಗಳ ಚರಿತ್ರೆಯಾಗಿಯೇ ಬರೆಯಲ್ಪಟ್ಟಿದೆ. ಬಾದಾಮಿ, ಪಟ್ಟದಕಲ್ಲು, ಬೇಲೂರು, ಹಳೇಬೀಡು ಎಂಬ ಹೆಸರುಗಳನ್ನು ಹೇಳಿದೊಡನೆ ವಾಚಕರ ಮನಸ್ಸಿಗೆ ಬರುವುವು ಗರ್ಭಗೃಹ, ಸುಖನಾಸಿ, ನವರಂಗಗಳೇ ಹೊರತು, ದೊರೆಯು ಕುಳಿತು ಪ್ರಜೆಗಳ ಮೊರೆಯನ್ನು ಕೇಳುತ್ತಿದ್ದ ಸಭೆಯಾಗಲಿ ಕರಣಿಕರು ಲೆಕ್ಕವನ್ನು ಬರೆಯುತ್ತಿದ್ದ ಶಾಲೆಯಾಗಲಿ ಅಲ್ಲ. ಇದಕ್ಕೆ ಕಾರಣವು ಸ್ಪಷ್ಟವಾಗಿಯೇ ಇದೆ. ದೇವರ ಮನೆಯನ್ನು ಕಲ್ಲಿನಿಂದಲೂ ದೊರೆಯ ಮನೆಯನ್ನು ಮರ ಮಣ್ಣುಗಳಿಂದಲೂ ಕಟ್ಟುವುದು ಈ ನಾಡಿನ ಹೆಚ್ಚಿನ ರೂಢಿಯಾಗಿತ್ತು. ಕಲ್ಲು ಉಳಿಯಿತು, ಮರವು ಅಳಿಯಿತು. ಉಳಿದದ್ದನ್ನು ಮಾತ್ರ ನೋಡಿ ಬರೆದ ಚರಿತ್ರೆಯಲ್ಲಿ ನಾಡಿನ ಧರ್ಮವು ಕಾಣುತ್ತದೆಯಲ್ಲದೆ ರಾಜ್ಯಭಾರವು ಕಾಣುವುದಿಲ್ಲ.

ಈ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬತಕ್ಕ ಒಂದು ಕಟ್ಟಡವು ಬೆಂಗಳೂರಿನ ನಡುವೆಯೇ ನಿಂತಿದೆ. ಚಾಮರಾಜಪೇಟೆಯ ಅಂಚಿನಲ್ಲಿ, ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಅನತಿದೂರದಲ್ಲಿ, ಕೋಟೆ ವೆಂಕಟರಮಣಸ್ವಾಮಿಯ ದೇವಸ್ಥಾನದ ಮಗ್ಗುಲಲ್ಲಿರುವ ಈ ಕಟ್ಟಡವನ್ನು ಜನರು 'ಟಿಪ್ಪುವಿನ ಬೇಸಗೆಯ ಅರಮನೆ' ಎಂದು ಕರೆಯುತ್ತಾರೆ. ಆ ಹೆಸರು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನೂ, ಈ ಕಟ್ಟಡಕ್ಕೂ ಅದಕ್ಕಿಂತ ಹಿಂದಿನ ಕಾಲದ ಆಸ್ಥಾನಮಂಟಪಗಳಿಗೂ ಇರುವ ಸಂಬಂಧವನ್ನೂ ವಿಚಾರಮಾಡುವುದೇ ಈ ಲೇಖನದ ಉದ್ದೇಶವಾಗಿದೆ.

೧. ಹೆಸರುಗಳು

ಇಂಥ ಕಟ್ಟಡಗಳು ಅಳಿದರೂ ಅವುಗಳ ಹೆಸರುಗಳು ಭಾಷೆಯಲ್ಲಿ ಉಳಿದಿವೆ. ಸಭೆ, ಆಸ್ಥಾನ, ಓಲಗ, ಚಾವಡಿ, ಕಚೇರಿ ಎಂಬುವು ಅವುಗಳಲ್ಲಿ ಮುಖ್ಯವಾದುವು. ಇವುಗಳಲ್ಲಿ 'ಓಲಗ' ಎಂಬುದಕ್ಕೆ ಸೇವೆಯೆಂದು ಅರ್ಥ. ದೊರೆಯ ಸೇವೆಗಾಗಿ ನೆರೆದ ಸಭೆಯೂ ಓಲಗವೆನಿಸಿತು. ಆ ಸಭೆಯು ಸೇರುವ ಸ್ಥಳವು ಓಲಗಸಾಲೆಯಾಯಿತು. 'ಆಸ್ಥಾನ'ವೆಂಬ ಸಂಸ್ಕೃತ ಶಬ್ದದಲ್ಲಿಯೂ ಸ್ಥಳ ಮತ್ತು ಸಭೆ ಎಂಬ ಎರಡರ್ಥಗಳೂ ಬೆರೆತಿವೆ. ಎಂದರೆ ಗೋಡೆ ಕಂಬಗಳಿಂದ ಕಟ್ಟಡಕ್ಕೆ ಹೆಸರು ಬಂದುದಲ್ಲ. ಅಲ್ಲಿ ನಡೆಯುವ ಕಾರ್ಯದಿಂದ ಬಂದುದು. ಹಿಂದೂಸ್ಥಾನಿಯಿಂದ ಬಂದ 'ಕಚೇರಿ'ಯೂ ಹೀಗೆಯೇ ಕಾರ್ಯಕ್ಕೂ ಸ್ಥಳಕ್ಕೂ ಸಮಾನವಾದ ಹೆಸರು. ಇನ್ನೊಂದು ವಿಶೇಷವುಂಟು. ಓಲಗವು ಕಾಲಕ್ರಮದಲ್ಲಿ ನಾಗಸ್ವರದ ವಾದ್ಯಮೇಳಕ್ಕೆ ಹೆಸರಾಯಿತು. ಕಚೇರಿಯು ಸಂಗೀತದ ಬೈಠಕ್ಕಿಗೆ ಹೆಸರಾಯಿತು. ರಾಜಸಭೆಯಲ್ಲಿ ವ್ಯವಹಾರದೊಡನೆ ಗಾನವಾದನಗಳೂ ನಡೆಯುತ್ತಿದ್ದುವೆಂಬುದಕ್ಕೆ ಈ ಎರಡು ಶಬ್ದಗಳ ಗತಿಯೇ ಸಾಕ್ಷಿಯಾಗಿದೆ.

೨. ವಿಜಯನಗರದ ನೂರು ಪೀಠಗಳು

ಮಧ್ಯಯುಗದ ಓಲಗಸಾಲೆಯ ಸ್ವರೂಪವನ್ನು ತಿಳಿಯುವುದಕ್ಕೆ ಮೊದಲು ಹಂಪೆಗೆ ಹೋಗಬೇಕು. ಅಲ್ಲಿಯ ಅರಮನೆಯ ಆವರಣದಲ್ಲಿ, ಮಹಾನವಮಿ ದಿಬ್ಬಕ್ಕೆ ಸಮೀಪವಾಗಿ, ಒಂದು ವಿಶಾಲವಾದ ಜಗತಿಯಿದೆ. ಅದರ ಮೇಲೆ ಸಾಲಿಗೆ ಹತ್ತರಂತೆ ಹತ್ತು ಸಾಲುಗಳಲ್ಲಿ ನೂರು ಕಂಬಗಳಿಗೆ ಪೀಠಗಳಿದ್ದುವೆಂದು ಉಳಿದಿರುವ ಕುರುಹುಗಳಿಂದ ತಿಳಿಯುತ್ತದೆ. ಕಂಬಗಳಲ್ಲಿ ಒಂದೂ ಉಳಿದಿಲ್ಲ, ಅವು ಮರದವಾಗಿದ್ದುವು. ಮೇಲಂತಸ್ತಿಗೆ ಏರುತ್ತಿದ್ದ ಸೋಪಾನದ ಗುರುತೂ ಉಂಟು. ವಿದ್ವಾಂಸರು ಇದನ್ನು ದೊರೆಯ ಸಭಾಮಂಟಪವೆಂದು ಕರೆದಿರುತ್ತಾರೆ.

ಕಂಬಕ್ಕೆ ಕಲ್ಲಿನ ಪೀಠವನ್ನು ಇಡುವುದು ಅಲಂಕಾರಕ್ಕಾಗಿ ಮಾತ್ರವಲ್ಲ. ಮರವನ್ನು ನೇರವಾಗಿ ನೆಲದಲ್ಲಿ ಹೂಳಿದರೆ ತೇವದಿಂದ ಬುಡವು ಕೊಳೆಯುವುದು, ಗೆದ್ದಲು ಹತ್ತುವುದು. ಕಲ್ಲಿನ ಮೇಲೆ ನಿಲ್ಲಿಸಿದರೆ ಈ ಎರಡು ಬಾಧೆಗಳೂ ತಗ್ಗುತ್ತವೆ. ಭಾರವೂ ನೆಲದ ಮೇಲೆ ಹರಡಿಕೊಳ್ಳುತ್ತದೆ. ಶಿಲ್ಪಶಾಸ್ತ್ರಗಳು ಮರದ ಕಂಬವನ್ನು ಕಲ್ಲಿನ ಕಂಬಕ್ಕಿಂತ ಕೀಳೆಂದು ಎಣಿಸಲಿಲ್ಲ. ಮಯಮತದಲ್ಲಿ ಸ್ತಂಭಗಳ ಪ್ರಮಾಣವನ್ನೂ ಅವುಗಳಿಗೆ ಬೇಕಾದ ದ್ರವ್ಯಗಳ ಸಂಗ್ರಹವನ್ನೂ ಒಂದೇ ಅಧ್ಯಾಯದಲ್ಲಿ ಹೇಳಿರುವುದನ್ನು ಇಲ್ಲಿ ಸ್ಮರಿಸಬಹುದು. ಅಲ್ಲಿ ಯೋಗ್ಯವಾದ ವೃಕ್ಷವನ್ನು ಆರಿಸುವುದು ಸ್ಥಪತಿಯ ಮುಖ್ಯಕಾರ್ಯಗಳಲ್ಲಿ ಒಂದಾಗಿದೆ.

ಇಂಥ ಶಾಲೆಯಲ್ಲಿ ಕಾರ್ಯವು ಹೇಗೆ ನಡೆಯುತ್ತಿತ್ತೆಂಬುದನ್ನು ಕ್ರಿ. ಶ. ೧೪೪೩ರಲ್ಲಿ ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ವರ್ಣಿಸಿದ್ದಾನೆ. ಅರಮನೆಯ ಬಲಗಡೆಯಲ್ಲಿ ಬಹು ದೊಡ್ಡದಾದ ದಿವಾನಖಾನೆಯೊಂದಿತ್ತೆಂದೂ, ಅದು ನಲವತ್ತು ಕಂಬಗಳ ಶಾಲೆಯಂತೆ ತೋರುತ್ತಿತ್ತೆಂದೂ, ಅದರ ಮುಂದೆ ಆಳುದ್ದಕ್ಕಿಂತ ಎತ್ತರವಾದ ಜಗಲಿಯ ಮೇಲೆ ದಫ್ತರಗಳನ್ನಿಟ್ಟುಕೊಂಡು ಲೇಖಕರು ಕುಳಿತಿರುತ್ತಿದ್ದರೆಂದೂ ಅವನ ವರ್ಣನೆಯಿಂದ ತಿಳಿದುಬರುತ್ತದೆ. ಶಾಲೆಯ ನಡುವೆ ಎತ್ತರವಾದ ಪೀಠದಲ್ಲಿ 'ದಣಾಯಕ'ನು ಒಬ್ಬನೇ ಕುಳಿತು ಕಾರ್ಯಭಾರವನ್ನು ನಡೆಸುತ್ತಿದ್ದನು. ದಂಡಧಾರಿಗಳು ಎರಡು ಕಡೆಯಲ್ಲಿಯೂ ಸಾಲಾಗಿ ನಿಂತಿರುತ್ತಿದ್ದರು. ಮೊರೆಯಿಡಬೇಕಾದವನು ಆ ಸಾಲುಗಳ ನಡುವೆ ನಡೆದುಬಂದು, ಕಾಣಿಕೆಯನ್ನೊಪ್ಪಿಸಿ, ನಮಸ್ಕರಿಸಿ, ತನ್ನ ಸಂಗತಿಯನ್ನು ಅರಿಕೆಮಾಡಿಕೊಳ್ಳುತ್ತಿದ್ದನು. ಈ ದಣಾಯಕನು ಶಾಸನಗಳ 'ದಣ್ಣಾಯಕ'ನೇ, ಎಂದರೆ ದಂಡನಾಯಕನೇ, ಎಂಬುದು ಕನ್ನಡಿಗರಿಗೆ ಒಡನೆಯೇ ಹೊಳೆಯುವ ವಿಷಯ.

ಅಲ್ಲಿಯ ಲೇಖಕರ ಬರವಣಿಗೆ ಎರಡು ವಿಧವೆಂದೂ ಆತನು ಹೇಳಿದ್ದಾನೆ. ಒಂದು ಎಲೆಯ ಮೇಲೆ ಕಬ್ಬಿಣದ ಕಂಟದಿಂದ ಕೊರೆಯುವುದು. ಇನ್ನೊಂದು ಕಪ್ಪು ಬಳಿದ ಹಾಳೆಯ ಮೇಲೆ ಮೆದುಕಲ್ಲಿನಿಂದ ಬಿಳಿಯ ಅಕ್ಷರಗಳನ್ನು ಬರೆಯುವುದು. ಎರಡನೆಯದು ಕನ್ನಡನಾಡಿನ ಕಡತವೂ ಬಳಪವೂ ಅಲ್ಲದೆ ಬೇರೆಯಲ್ಲ. ಆದಕಾರಣ ಓಲಗಸಾಲೆಯು ವೈಭವವನ್ನು ತೋರಿಸುವ ಸ್ಥಳ ಮಾತ್ರವಾಗಿರಲಿಲ್ಲ. ಕಡತಗಳನ್ನು ಕಾಪಾಡುವ ಸ್ಥಳವೂ ಆಗಿತ್ತೆಂಬುದು ಸಿದ್ಧವಾಗುತ್ತದೆ.

ಹಂಪೆಯ ನೂರು ಪೀಠಗಳ ಜಗತಿಯೇ ಈ ದಿವಾನಖಾನೆಯೆಂದು ಸಾಧಿಸುವುದು ಅಗತ್ಯವಿಲ್ಲ. ಪಾರಸೀಕದಲ್ಲಿ 'ನಲವತ್ತು ಕಂಬ' ಎಂಬುದು ಬಹುಸ್ತಂಭಶಾಲೆಗೆ ರೂಢಿಯ ಮಾತು. ಹದಿನೇಳನೆಯ ಶತಮಾನದಲ್ಲಿ ಇಸ್ಫಹಾನಿನಲ್ಲಿ ಅದೇ ಹೆಸರಿನಿಂದ ಕಟ್ಟಲ್ಪಟ್ಟ ಅರಮನೆಯ ಮುಖಮಂಟಪದಲ್ಲಿಯೂ ಇರುವ ಕಂಬಗಳು ಇಪ್ಪತ್ತೇ. ಇಲ್ಲಿ ಗ್ರಹಿಸಬೇಕಾದ ಅಂಶಗಳು ಮೂರು: ಎತ್ತರವಾದ ಜಗತಿ, ಸಾಲುಸಾಲಾದ ಕಂಬಗಳು, ಅಧಿಕಾರಿಯ ಸ್ಥಾನವು ಉಳಿದವರ ಸ್ಥಾನಕ್ಕಿಂತ ಮೇಲಿರುವುದು. ೧೫೬೫ರ ಯುದ್ಧದ ಬಳಿಕ ವಿಜಯನಗರವು ಹಾಳಾದಾಗ ಮರದ ಶಾಲೆಗಳು ನಾಶವಾದುವು; ಪೀಠಗಳು ಮಾತ್ರ ಉಳಿದುವು.

೩. ಬೆಂಗಳೂರಿನ ಕೋಟೆ

ವಿಜಯನಗರದ ಸಾಮಂತನಾದ ಒಂದನೆಯ ಕೆಂಪೇಗೌಡನು ೧೫೩೭ರಲ್ಲಿ ಬೆಂಗಳೂರಿನಲ್ಲಿ ಮಣ್ಣಿನ ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿದನು. ೧೬೩೮ರಲ್ಲಿ ಊರು ಬಿಜಾಪುರದವರ ಕೈಸೇರಿ ಷಹಾಜಿಗೆ ಜಹಗೀರಾಯಿತು. ೧೬೮೭ರಲ್ಲಿ ಮೊಗಲರು ಅದನ್ನು ಹಿಡಿದರು. ಅವರಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರು ಪಡೆದುಕೊಂಡರು. ಪೇಟೆಯ ದಕ್ಷಿಣಕ್ಕೆ ಅಂಡಾಕಾರವಾದ ಕೋಟೆಯೂ ಅದರೊಳಗಿನ ವೆಂಕಟರಮಣಸ್ವಾಮಿಯ ದೇವಸ್ಥಾನವೂ ಅವರ ಕಾಲದವೆಂದು ಪ್ರಸಿದ್ಧಿಯಿದೆ. ೧೭೬೧ರಲ್ಲಿ ಹೈದರಲ್ಲಿಯು ಈ ಕೋಟೆಯನ್ನು ಕಲ್ಲಿನಿಂದ ಭದ್ರಪಡಿಸಿದನು. ಉಳಿದಿರುವ ದೆಹಲಿ ಬಾಗಿಲೂ ಅದರ ಸುತ್ತಣ ಸ್ವಲ್ಪ ಗೋಡೆಯೂ ಅದರ ದಾರ್ಢ್ಯವನ್ನು ಈಗಲೂ ತೋರಿಸುತ್ತವೆ.

ಅರಮನೆಯ ಕೆಲಸವನ್ನು ಹೈದರಲ್ಲಿಯು ೧೭೮೧ರಲ್ಲಿ ಆರಂಭಿಸಿದನೆಂದೂ ಅವನ ಮಗನಾದ ಟಿಪ್ಪು ಸುಲ್ತಾನನು ೧೭೯೧ರಲ್ಲಿ ಪೂರ್ಣಗೊಳಿಸಿದನೆಂದೂ ಹೇಳುತ್ತಾರೆ. ಹೈದರನು ೧೭೮೨ರ ಡಿಸೆಂಬರಿನಲ್ಲಿ ತೀರಿಕೊಂಡದ್ದರಿಂದ ಕಟ್ಟಡದ ಬಹುಭಾಗವು ಮಗನ ಕಾಲದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ೧೭೯೧ನೆಯ ವರ್ಷದ ವಿಷಯದಲ್ಲಿ ಒಂದು ಸೂಕ್ಷ್ಮವುಂಟು. ಆ ವರ್ಷದ ಮಾರ್ಚಿ ೭ರಲ್ಲಿ ಪೇಟೆಯೂ ೨೧ರ ರಾತ್ರಿಯಲ್ಲಿ ಕೋಟೆಯೂ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯದ ವಶವಾದುವು. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಕೋಟೆಯು ಇಂಗ್ಲಿಷರ ಕೈಯಲ್ಲಿಯೇ ಇದ್ದಿತು. ಆದುದರಿಂದ ೧೭೯೧ ಎಂಬುದನ್ನು ಉತ್ಸವದಿಂದ ಗೃಹಪ್ರವೇಶವಾದ ವರ್ಷವೆನ್ನುವುದಕ್ಕಿಂತ ಕೆಲಸವು ಮುಗಿದು ನಿಂತ ವರ್ಷವೆಂದು ತಿಳಿಯುವುದು ಯುಕ್ತವಾಗಿದೆ. ಕೋಟೆಯು ಮರಳಿ ಬಂದಮೇಲೆ, ಅದು ಶತ್ರುವಿಗೆ ಆಶ್ರಯವಾಗಬಾರದೆಂದು ಟಿಪ್ಪುವು ಗೋಡೆಗಳನ್ನು ಕೆಡವಿಸಿದನು. ಮುಂದೆ ದಿವಾನ್ ಪೂರ್ಣಯ್ಯನವರು ಅವುಗಳನ್ನು ಸರಿಪಡಿಸಿದರು. ಕಲ್ಲಿನ ಕೋಟೆಯು ಬಿದ್ದು ಎದ್ದಿತು. ಮರದ ಶಾಲೆಯು ಮಾತ್ರ ನಿಂತೇ ಇದ್ದಿತು.

೪. ಕಟ್ಟಡದ ರಚನೆ

ಈಗ ಕಾಣುವ ಕಟ್ಟಡವು ಎರಡಂತಸ್ತಿನದು. ಕಲ್ಲಿನ ಜಗತಿಯ ಮೇಲೆ ಕಲ್ಲಿನ ಪೀಠಗಳು. ಅವುಗಳ ಮೇಲೆ ತೇಗದ ಕಂಬಗಳು. ಮುಂಭಾಗದ ಶಾಲೆಯಲ್ಲಿ ಈ ಕಂಬಗಳು ಎರಡಂತಸ್ತುಗಳ ಎತ್ತರವನ್ನೂ ಒಂದೇ ಏಟಿಗೆ ಏರಿ ಮಾಳಿಗೆಯನ್ನು ಹೊತ್ತಿವೆ. ಕಂಬದ ಮೈಯಲ್ಲಿ ಉದ್ದುದ್ದವಾದ ಗೀರುಗಳೂ, ತಲೆಯಲ್ಲಿ ಬೋದಿಗೆಯೂ, ಕಂಬಕಂಬಗಳ ನಡುವೆ ಎಸಳೆಸಳಾಗಿ ಕಡೆದ ಕಮಾನುಗಳೂ ಇವೆ. ಮೇಲಂತಸ್ತಿನಿಂದ ಮುಂದಕ್ಕೆ ಚಾಚಿದ ಗವಾಕ್ಷಗಳು ದೊರೆಯು ಕುಳಿತುಕೊಳ್ಳುತ್ತಿದ್ದ ಸ್ಥಾನಗಳು. ಮೂಲೆಗಳಲ್ಲಿ ಸಣ್ಣ ಕೋಣೆಗಳಿವೆ. ಗೋಡೆಗಳ ಮೇಲೂ ಮುಚ್ಚಿಗೆಯ ಮೇಲೂ ಹೂಬಳ್ಳಿಗಳ ಚಿತ್ರಗಳಿದ್ದುವು. ಅವು ಬಹುಮಟ್ಟಿಗೆ ಮಾಸಿಹೋಗಿವೆ.

ಕಮಾನುಗಳನ್ನು ನೋಡಿ ಇದು ಪೂರ್ತಿಯಾಗಿ ಮೊಗಲರ ಮಾದರಿಯ ಕಟ್ಟಡವೆಂದು ಹೇಳಿಬಿಡುವುದುಂಟು. ಆದರೆ ರೂಪಕ್ಕೂ ರಚನೆಗೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ಕಲ್ಲಿನ ಅಥವಾ ಇಟ್ಟಿಗೆಯ ಕಮಾನು ತಾನೇ ಭಾರವನ್ನು ಹೊತ್ತು ಎರಡು ಪಕ್ಕಗಳಿಗೆ ಹಂಚುತ್ತದೆ. ಮರದ ಕಟ್ಟಡದಲ್ಲಿ ಭಾರವನ್ನು ಹೊರುವುದು ಕಂಬ, ಬೋದಿಗೆ, ತೊಲೆ, ಜಂತೆಗಳ ಕ್ರಮವೇ. ಕಮಾನು ಎರಡು ಕಂಬಗಳ ನಡುವೆ ಕೂರಿಸಿದ ಅಲಂಕಾರದ ಹಲಗೆ ಮಾತ್ರ. ಅದನ್ನು ತೆಗೆದರೂ ಮಾಳಿಗೆಯು ಬೀಳುವುದಿಲ್ಲ. ತೊಲೆಯನ್ನು ತೆಗೆದರೆ ಏನೂ ಉಳಿಯುವುದಿಲ್ಲ. ಕಂಬ ತೊಲೆಗಳ ಈ ಕ್ರಮವು ಮೈಸೂರು ಸೀಮೆಯ ತೊಟ್ಟಿಯ ಮನೆಗಳಲ್ಲಿಯೂ ಪಡಸಾಲೆಗಳಲ್ಲಿಯೂ ಬಡಗಿಗಳು ತಲೆತಲಾಂತರದಿಂದ ಅನುಸರಿಸಿದ ಕ್ರಮವೇ ಆಗಿದೆ. ಆದಕಾರಣ ಈ ಕಟ್ಟಡದ ವೇಷವು ಉತ್ತರದೇಶದ್ದು, ಅಸ್ಥಿಯು ಈ ನಾಡಿನದು ಎಂದು ಹೇಳುವುದು ಸರಿಯಾಗುತ್ತದೆ. ಹಂಪೆಯಲ್ಲಿ ಬರಿಯ ಪೀಠಗಳಾಗಿ ಉಳಿದಿರುವುದು ಇಲ್ಲಿ ಕಂಬ, ತೊಲೆ, ಮಾಳಿಗೆಗಳೊಡನೆ ಕಣ್ಣಿಗೆ ಕಾಣುತ್ತದೆ.

೫. ಬುಕನನ್ ಕಂಡ ಕಚೇರಿಗಳು

ಟಿಪ್ಪುವು ೧೭೯೯ರಲ್ಲಿ ಮಡಿದ ಮರುವರ್ಷವೇ, ಎಂದರೆ ೧೮೦೦ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಕಂಪೆನಿಯ ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆಯಲ್ಲಿ ಸಂಚರಿಸಿದನು. ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಈ ಅರಮನೆಯ ವರ್ಣನೆಯಿದೆ. ಬಳಕೆಯಲ್ಲಿದ್ದ ಕಾಲಕ್ಕೆ ಇಷ್ಟು ಸಮೀಪದಲ್ಲಿ ಕಣ್ಣಾರೆ ಕಂಡು ಬರೆದದ್ದಾದುದರಿಂದ ಅದು ಬಹು ಬೆಲೆಯುಳ್ಳದ್ದು.

ಅವನ ಹೇಳಿಕೆಯ ಸಾರಾಂಶವಿದು: ಅರಮನೆಯು ಮಣ್ಣಿನಿಂದ ಕಟ್ಟಿದ್ದಾದರೂ ಗಾಂಭೀರ್ಯವಿಲ್ಲದ್ದಲ್ಲ. ಮೇಲಂತಸ್ತಿನಲ್ಲಿ ನಾಲ್ಕು ಶಾಲೆಗಳಿವೆ. ಒಂದೊಂದು ಶಾಲೆಯಲ್ಲಿಯೂ ದೊರೆಗೆ ಎರಡೆರಡು ಗವಾಕ್ಷಗಳು. ಒಂದೊಂದು ಗವಾಕ್ಷವೂ ಬೇರೆ ಬೇರೆ ಕಚೇರಿಗೆ, ಎಂದರೆ ದರ್ಶನ ಕೊಡುವ ಅಂಗಳಕ್ಕೆ, ಎದುರಾಗಿದೆ. ದೊರೆಯಿರುವ ಶಾಲೆಯೊಳಕ್ಕೆ ನೆಚ್ಚಿನ ಕೆಲವು ಕಾವಲುಗಾರರ ಹೊರತು ಯಾರಿಗೂ ಪ್ರವೇಶವಿಲ್ಲ. ಅಂಗಳದ ಎರಡು ಕೊನೆಗಳಲ್ಲಿ ಮೇಲ್ದರ್ಜೆಯ ಅಧಿಕಾರಿಗಳಿಗೆ ಗವಾಕ್ಷಗಳಿವೆ. ಕೆಳದರ್ಜೆಯವರು ದೊರೆಯ ಗವಾಕ್ಷದ ಕೆಳಗೆ, ಮುಂಭಾಗವು ತೆರೆದು ಮಾಳಿಗೆಯವರೆಗೆ ಏರುವ ಕಂಬಗಳುಳ್ಳ ಶಾಲೆಯಲ್ಲಿ ನಿಲ್ಲುತ್ತಾರೆ. ಸಾಮಾನ್ಯಜನರಿಗೆ ಬಯಲಂಗಳ, ಅಲ್ಲಿ ಗಾಳಿಯನ್ನು ತಂಪುಮಾಡುವ ಕಾರಂಜಿಗಳು. ಶಾಲೆಗಳ ಕೊನೆಯಲ್ಲಿರುವ ಖಾಸಗಿ ಕೋಣೆಗಳಾದರೋ ಸಣ್ಣವು, ಅನುಕೂಲವಿಲ್ಲದವು.

ಈ ವರ್ಣನೆಯನ್ನು ರಜಾಕನ ವರ್ಣನೆಯೊಡನೆ ಇಟ್ಟು ನೋಡಿದರೆ ಮೂರೂವರೆ ಶತಮಾನಗಳ ಅಂತರದಲ್ಲಿಯೂ ವ್ಯವಸ್ಥೆಯು ಒಂದೇ ಆಗಿರುವುದು ಕಂಡುಬರುತ್ತದೆ. ಎತ್ತರವೇ ಅಧಿಕಾರದ ಅಳತೆ. ದೊರೆ, ಹಿರಿಯ ಅಧಿಕಾರಿ, ಕಿರಿಯ ಅಧಿಕಾರಿ, ಪ್ರಜೆ ಎಂಬ ನಾಲ್ಕು ದರ್ಜೆಗಳಿಗೆ ಮರದಲ್ಲಿಯೂ ಮಣ್ಣಿನಲ್ಲಿಯೂ ನಾಲ್ಕು ಸ್ಥಾನಗಳು ನಿಯಮಿಸಲ್ಪಟ್ಟಿವೆ. ಭೇದವೂ ಒಂದುಂಟು. ವಿಜಯನಗರದಲ್ಲಿ ಮೊರೆಯಿಡುವವನು ಕಂಬಗಳ ನಡುವೆ ನಡೆದು ಅಧಿಕಾರಿಯ ಪೀಠದವರೆಗೆ ಬರುತ್ತಿದ್ದನು. ಬೆಂಗಳೂರಿನಲ್ಲಿ ಅವನು ಅಂಗಳದಲ್ಲಿಯೇ ನಿಂತು ಮೇಲಕ್ಕೆ ನೋಡಬೇಕಾಗಿತ್ತು. ಸಭೆಯು ಹಾಗೆಯೇ ಉಳಿಯಿತು, ದೂರವು ಮಾತ್ರ ಹೆಚ್ಚಿತು.

೬. 'ಬೇಸಗೆಯ ಅರಮನೆ' ಎಂಬ ಹೆಸರು

ಮೇಲಿನ ವಿಚಾರದಿಂದ 'ಬೇಸಗೆಯ ಅರಮನೆ' ಎಂಬ ಹೆಸರಿನ ಯುಕ್ತಾಯುಕ್ತತೆಯನ್ನು ನಿರ್ಣಯಿಸಬಹುದು. ವಿಹಾರಕ್ಕಾಗಿ ಕಟ್ಟಿದ ಮನೆಯಲ್ಲಿ ವಾಸದ ಕೋಣೆಗಳು ಮುಖ್ಯವಾಗಿಯೂ ಸಭೆಯ ಸ್ಥಳವು ಗೌಣವಾಗಿಯೂ ಇರಬೇಕು. ಇಲ್ಲಿ ಅದು ತಿರುಗುಮುರುಗಾಗಿದೆ. ಶ್ರೀರಂಗಪಟ್ಟಣದ ದರಿಯಾದೌಲತ್ತನ್ನು ಇದರೊಡನೆ ಹೋಲಿಸಿದರೆ ಭೇದವು ಇನ್ನೂ ಸ್ಪಷ್ಟವಾಗುತ್ತದೆ. ೧೭೮೪ರಲ್ಲಿ ಕಟ್ಟಲ್ಪಟ್ಟ ಅದೂ ತೇಗದ ಕಂಬಗಳದೇ, ಅದೇ ಮಾದರಿಯದೇ. ಆದರೆ ಅದು ಕೋಟೆಯ ಹೊರಗೆ, ಕಾವೇರಿಯ ಬಳಿಯಲ್ಲಿ, ತೋಟದ ನಡುವೆ ನಿಂತಿದೆ. ಅದನ್ನು ಬೇಸಗೆಯ ಅರಮನೆಯೆನ್ನುವುದು ಸಹಜ. ಬೆಂಗಳೂರಿನದು ಕೋಟೆಯೊಳಗೆ, ಕಚೇರಿಯ ಅಂಗಳಗಳಿಗೆ ಮುಖಮಾಡಿ ನಿಂತ ಕಟ್ಟಡ.

ಇದಕ್ಕೆ ಒಂದು ಆಕ್ಷೇಪವು ಬರಬಹುದು. ಕಟ್ಟಡದಲ್ಲಿ ಮರದ ಮೇಲೆ ಕೆತ್ತಿರುವ ಪಾರಸೀಕ ಲೇಖವು ಇದನ್ನು ಸುಖದ ಮನೆಯೆಂದೂ, 'ರಷ್ಕೆ ಜನ್ನತ್', ಎಂದರೆ ಸ್ವರ್ಗಕ್ಕೂ ಅಸೂಯೆಯನ್ನುಂಟುಮಾಡುವುದು, ಎಂದೂ ಹೊಗಳುತ್ತದೆ. ಇದು ವಿಹಾರಗೃಹಕ್ಕಲ್ಲದೆ ಕಚೇರಿಗೆ ಒಪ್ಪುವುದೇ ಎಂದು ಕೇಳಬಹುದು. ಸಮಾಧಾನವೇನೆಂದರೆ, ರಾಜಭವನವನ್ನು ಸ್ವರ್ಗಕ್ಕೆ ಹೋಲಿಸುವುದೂ ಸ್ವರ್ಗವನ್ನು ಅದಕ್ಕಿಂತ ಕಡಮೆಯೆನ್ನುವುದೂ ಪಾರಸೀಕ ಕವಿಗಳಿಗೂ ಸಂಸ್ಕೃತ ಕನ್ನಡ ಕವಿಗಳಿಗೂ ಸಮಾನವಾದ ಸಂಪ್ರದಾಯ. ಸುಧರ್ಮೆಯನ್ನು ಮೀರಿದ ಸಭೆಗಳು ಕಾವ್ಯಗಳಲ್ಲಿ ಎಷ್ಟೋ ಬಂದಿವೆ. ಅತಿಶಯೋಕ್ತಿಯಿಂದ ಕಟ್ಟಡದ ಪ್ರಶಂಸೆಯು ತಿಳಿಯುತ್ತದೆಯೇ ಹೊರತು ಪ್ರಯೋಜನವು ತಿಳಿಯುವುದಿಲ್ಲ. ಪ್ರಯೋಜನವನ್ನು ರಚನೆಯಿಂದಲೇ ಅರಿಯಬೇಕು.

೭. ಹದಿನೆಂಟು ಕಚೇರಿಗಳು

ಮುಂದಿನ ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. ೧೮೩೧ರಲ್ಲಿ ಮೈಸೂರಿನ ಆಡಳಿತವನ್ನು ಇಂಗ್ಲಿಷರು ವಹಿಸಿಕೊಂಡಮೇಲೆ ಸರ್ಕಾರದ ಕಾರ್ಯಾಲಯಗಳು ಈ ಕಟ್ಟಡದಲ್ಲಿ ನೆಲೆಸಿದುವು. ಮಾರ್ಕ್ ಕಬ್ಬನ್ನನ ದೀರ್ಘವಾದ ಅಧಿಕಾರಕಾಲವೆಲ್ಲ ಹೀಗೆಯೇ ಕಳೆಯಿತು. ೧೮೬೪ರಿಂದ ೧೮೬೮ರ ವರೆಗೆ ಸ್ಯಾಂಕಿಯ ಯೋಜನೆಯಂತೆ ಕೆಂಪು ಬಣ್ಣದ ಹೊಸ ಸೌಧವು ಸಿದ್ಧವಾಗಲು, ೧೮೬೮ರಲ್ಲಿ ಕಾರ್ಯಾಲಯಗಳು ಅಲ್ಲಿಗೆ ಹೋದುವು. ಸುಮಾರು ಮೂವತ್ತೇಳು ವರ್ಷಗಳ ಕಾಲ ಈ ಮರದ ಶಾಲೆಯೇ ಮೈಸೂರು ಸೀಮೆಯ ಕಚೇರಿಯಾಗಿತ್ತು.

ಹೊಸ ಸೌಧಕ್ಕೆ ಜನರು ಇಟ್ಟ ಹೆಸರು 'ಅಠಾರಾ ಕಚೇರಿ'. ಹಿಂದೂಸ್ಥಾನಿಯಲ್ಲಿ ಅಠಾರಾ ಎಂದರೆ ಹದಿನೆಂಟು. ಈ ಸಂಖ್ಯೆಯು ಅಂದು ಹೊಸದಾಗಿ ಬಂದುದಲ್ಲ. ಚಿಕ್ಕದೇವರಾಜ ಒಡೆಯರು ಔರಂಗಜೇಬನ ಬಳಿಗೆ ಕಳುಹಿಸಿದ ರಾಯಭಾರಿಗಳು ಹಿಂದಿರುಗಿದ ಬಳಿಕ ರಾಜ್ಯಭಾರವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದರೆಂದು ವಿಲ್ಕ್ಸನು ತನ್ನ ಚರಿತ್ರೆಯಲ್ಲಿ ಹೇಳಿದ್ದಾನೆ. ಇದಕ್ಕೂ ಬಹು ಹಿಂದೆಯೇ ರಾಜ್ಯತಂತ್ರದಲ್ಲಿ ಹದಿನೆಂಟೆಂಬ ಸಂಖ್ಯೆಗೆ ಸ್ಥಾನವಿತ್ತು. ೧೯೦೯ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮಂತ್ರಿ ಪುರೋಹಿತರೇ ಮೊದಲಾದ ಹದಿನೆಂಟು 'ತೀರ್ಥ'ಗಳು ಎಣಿಸಲ್ಪಟ್ಟಿವೆ. ಮಹಾಭಾರತದಲ್ಲಿಯೂ ನಾರದನು ಧರ್ಮರಾಯನನ್ನು ಪ್ರಶ್ನಿಸುವಾಗ ಪರಪಕ್ಷದ ಹದಿನೆಂಟು ತೀರ್ಥಗಳ ಮಾತು ಬರುತ್ತದೆ. ಆ ಪ್ರಶ್ನೆಗಳು ಬರುವುದು ಸಭಾಪರ್ವದಲ್ಲಿ, ಮಯನು ಕಟ್ಟಿದ ಸಭೆಯಲ್ಲಿಯೇ, ಎಂಬುದು ಗಮನಾರ್ಹ. ಒಂದು ಪರ್ವಕ್ಕೆ ಕಟ್ಟಡವೊಂದರಿಂದ ಹೆಸರು ಬಂದಿದೆ; ಆ ಕಟ್ಟಡದಲ್ಲಿ ಮೊದಲು ನಡೆದ ಮುಖ್ಯಪ್ರಸಂಗಗಳಲ್ಲಿ ರಾಜ್ಯಭಾರದ ಕುಶಲಪ್ರಶ್ನೆಯೂ ಒಂದು. ಸಭೆಯನ್ನೂ ಆಡಳಿತವನ್ನೂ ಒಂದಾಗಿ ಕಾಣುವ ದೃಷ್ಟಿಯು ಅಷ್ಟು ಪ್ರಾಚೀನವಾದುದು.

೮. ಅಳಿವು ಮತ್ತು ಉಳಿವು

ಮರದ ಶಾಲೆಗಳು ಕಾಲದಿಂದ ಮಾತ್ರ ಅಳಿದುವೆಂದು ತಿಳಿಯಬಾರದು. ವಿಜಯನಗರದವು ಯುದ್ಧದಿಂದ ಅಳಿದುವು. ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಅರಮನೆಯನ್ನು ಕಳಚಿದರು. ೧೮೨೯ರಲ್ಲಿ ಅಸ್ತಿಭಾರ ಹಾಕಿದ ಉದಕಮಂಡಲದ ಸಂತ ಸ್ಟೀಫನ್ನನ ಇಗರ್ಜಿಗೆ ಅದರ ಮರಗಳೇ ತೊಲೆಗಳಾದುವು. ಮೈಸೂರಿನ ಹಳೆಯ ಮರದ ಅರಮನೆಯು ೧೮೯೭ರಲ್ಲಿ ಬೆಂಕಿಗೆ ಆಹುತಿಯಾಯಿತು. ಯುದ್ಧ, ಬೆಂಕಿ, ಮರದ ಬೆಲೆ ಎಂಬ ಈ ಮೂರು ಶತ್ರುಗಳಲ್ಲಿ ಮೂರನೆಯದು ಮೊದಲೆರಡಕ್ಕಿಂತ ಕಡಮೆಯದಲ್ಲ. ಕಲ್ಲಿನ ಗುಡಿಯನ್ನು ಕೆಡವಿದವನಿಗೆ ಸಿಕ್ಕುವುದು ಕಲ್ಲು. ತೇಗದ ಶಾಲೆಯನ್ನು ಕಳಚಿದವನಿಗೆ ಸಿಕ್ಕುವುದು ಹಣ.

ಬೆಂಗಳೂರಿನ ಶಾಲೆಯು ಈ ಮೂರರಿಂದಲೂ ಪಾರಾದುದಕ್ಕೆ ಅದರ ಉಪಯೋಗವೇ ಮುಖ್ಯಕಾರಣವೆಂದು ಊಹಿಸಬಹುದಾಗಿದೆ. ಕಚೇರಿಯಾಗಿದ್ದಷ್ಟು ಕಾಲ ಅದಕ್ಕೆ ದುರಸ್ತಿಯೂ ಕಾವಲೂ ಇದ್ದುವು. ಆದರೂ ಬುಕನನ್ನನು ಕಂಡ ಅರಮನೆಯಲ್ಲಿ ಈಗ ನಿಂತಿರುವುದು ಒಂದು ಭಾಗ ಮಾತ್ರ. ಸುತ್ತಲಿನ ಕೋಟೆಯ ನೆಲವು ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಹಂಚಿಹೋಯಿತು. ಪ್ರಜೆಗಳು ನಿಲ್ಲುತ್ತಿದ್ದ ಅಂಗಳಗಳು ಹಿಂದಿನಂತೆ ಉಳಿದಿಲ್ಲ. ಅಠಾರಾ ಕಚೇರಿಗೂ ಇಂಥ ಭಯವು ತಪ್ಪಲಿಲ್ಲ. ೧೯೮೦ರ ದಶಕದ ಆರಂಭದಲ್ಲಿ ಅದನ್ನು ಕೆಡವುವ ಆಲೋಚನೆಯು ನಡೆದಾಗ ನಾಗರಿಕರು ನ್ಯಾಯಸ್ಥಾನದ ಮೊರೆಹೊಕ್ಕರು. ಕಟ್ಟಡವು ಉಳಿದು ಉಚ್ಚ ನ್ಯಾಯಾಲಯಕ್ಕೆ ಆಶ್ರಯವಾಗಿದೆ. ಕೋಟೆಯ ಶಾಲೆಯು ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ.

ರಕ್ಷಣೆಯಿದ್ದರೆ ಮಾತ್ರ ಸಾಲದು. ರಕ್ಷಿಸಿದ ವಸ್ತುವು ಏನೆಂಬ ಅರಿವೂ ಬೇಕು. ಒಬ್ಬ ಸುಲ್ತಾನನ ಬೇಸಗೆಯ ಮನೆಯೆಂದು ನೋಡುವವನಿಗೆ ಇಲ್ಲಿ ಕಾಣುವುದು ಮಾಸಿದ ಬಣ್ಣವೂ ಕಿರಿದಾದ ಕೋಣೆಗಳೂ ಮಾತ್ರ. ಓಲಗಸಾಲೆಯೆಂದು ನೋಡುವವನಿಗೆ ಹಂಪೆಯ ನೂರು ಪೀಠಗಳ ಮೇಲೆ ಕಂಬಗಳು ಎದ್ದು ನಿಲ್ಲುತ್ತವೆ. ದಣ್ಣಾಯಕನ ಪೀಠವೂ ಕರಣಿಕರ ಕಡತಗಳೂ ಸ್ಥಾನವನ್ನು ಪಡೆಯುತ್ತವೆ. ಕುಮಾರವ್ಯಾಸನ ಸಭಾಪರ್ವವನ್ನಾಗಲಿ ಚಂಪೂಕಾವ್ಯಗಳ ಆಸ್ಥಾನವರ್ಣನೆಗಳನ್ನಾಗಲಿ ಪಾಠಹೇಳುವವರು ವಿದ್ಯಾರ್ಥಿಗಳನ್ನು ಒಮ್ಮೆ ಈ ಕಂಬಗಳ ನಡುವೆ ನಿಲ್ಲಿಸಿದರೆ, ಯಾರು ಎಲ್ಲಿ ಕುಳಿತರು, ಯಾರು ಎಲ್ಲಿ ನಿಂತರು, ಯಾವನ ಮಾತು ಯಾವನಿಗೆ ಎಷ್ಟು ದೂರದಿಂದ ಕೇಳಿಸಿತು ಎಂಬುದು ಟೀಕೆಯ ಸಹಾಯವಿಲ್ಲದೆಯೇ ತಿಳಿಯುತ್ತದೆ. ದೇವಾಲಯದ ನವರಂಗದಿಂದ ಈ ವಿಷಯವು ತಿಳಿಯಲಾರದು. ಕನ್ನಡನಾಡಿನ ರಾಜಸಭೆಗಳು ಗ್ರಂಥಗಳಲ್ಲಿ ನೂರಾರಿವೆ. ಕಂಬ ತೊಲೆಗಳೊಡನೆ ನೆಲದ ಮೇಲೆ ನಿಂತಿರುವುವು ಬಹು ಕೆಲವು. ಅವುಗಳಲ್ಲಿ ಒಂದು ಬೆಂಗಳೂರಿನ ಕೋಟೆಯಲ್ಲಿದೆ.